ಕೊಲೆಯಾದ ನಮ್ಮ ಹುಡುಗನನ್ನು ಊರು ಮತ್ತೆ ನೆನೆಯುವಂತೆ ಮಾಡುವುದು ಹೇಗೆ? ಅನುಭವ ಇದ್ದವರು ತಿಳಿಸಿ

ಕೇಳಿದವರು: ಸೋದರಮಾವ, ಗಂಗಾವತಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. 2014ರ ನವೆಂಬರ್‌ನಲ್ಲಿ, ಭತ್ತದ ಕಟಾವು ನಡೆಯುತ್ತಿದ್ದ ದಿನಗಳಲ್ಲಿ, ನಮ್ಮ ಅಕ್ಕನ ಮಗ ಸಂಜೆ ಅಂಗಡಿಗೆ ಹೋದವನು ಮನೆಗೆ ಬರಲಿಲ್ಲ. ಒಂಬತ್ತು ವರ್ಷದ ಹುಡುಗ. ಮೂರನೆಯ ದಿನ ತುಂಗಭದ್ರಾ ಎಡದಂಡೆಯ ಉಪಕಾಲುವೆಯ ತೂಬಿನ ಹತ್ತಿರ ದೇಹ ಸಿಕ್ಕಿತು. ನೀರಿಗೆ ಬಿದ್ದಿರಬೇಕು ಎಂದು ಊರೆಲ್ಲ ಅಂದುಕೊಂಡಿತ್ತು. ಕುತ್ತಿಗೆ ಹಿಸುಕಿದ್ದಾರೆ ಎಂದು ಮರಣೋತ್ತರ ಪರೀಕ್ಷೆಯ ವರದಿ ಬಂತು. ಕೆಲವು ತಿಂಗಳು ವಿಚಾರಣೆ ನಡೆಯಿತು. ಆಮೇಲೆ ‘ಸಿ’ ರಿಪೋರ್ಟ್ ಹಾಕಿ ಪ್ರಕರಣ ಮುಚ್ಚಿದ್ದಾರೆ ಎಂದು ಬೇರೆಯವರ ಬಾಯಿಂದ ನಮಗೆ ಗೊತ್ತಾಯಿತು. ಜೂನ್ ಬಂದು ಶಾಲೆ ಶುರುವಾದರೆ ಅಕ್ಕ ಇವತ್ತಿಗೂ ಅವನು ಈಗ ಎಷ್ಟನೆಯ ತರಗತಿ ಎಂದು ಲೆಕ್ಕ ಹಾಕುತ್ತಾಳೆ. ಡಿಗ್ರಿಗೆ ಬಂದಿದ್ದಾನೆ.

ಪ್ರಕರಣವನ್ನು ಮತ್ತೆ ಎತ್ತಬೇಕು ಎಂದು ಊರಿನ ಹುಡುಗರು ಮುಂದೆ ಬಂದಿದ್ದಾರೆ. ಆದರೆ ಅವರು ಹೇಳುವುದು, ಎಲ್ಲರಿಗೂ ಅನುಮಾನವಿರುವ ಒಬ್ಬನ ಫೋಟೊ ಹಾಕಿ ರೀಲ್ಸ್ ಮಾಡೋಣ ಎಂದು. ನನಗೆ ಧೈರ್ಯ ಸಾಲುತ್ತಿಲ್ಲ. ಸುಮ್ಮನಿರಲೂ ಆಗುತ್ತಿಲ್ಲ. ಇಂಥದ್ದನ್ನು ಮಾಡಿದವರು, ಕಂಡವರು ದಯವಿಟ್ಟು ಬರೆಯಿರಿ.

ಸಿಂಧನೂರಿನಿಂದ

ಅಣ್ಣ, ರೀಲ್ಸ್ ಮಾಡಿಸಬೇಡಿ. ಮೊದಲು ಅಷ್ಟು ಹೇಳಿ ಆಮೇಲೆ ನಮ್ಮ ಮನೆಯದ್ದನ್ನು ಹೇಳುತ್ತೇನೆ.

ನಮ್ಮ ಅಣ್ಣನ ಮಗಳು ಹೋಗಿ ಒಂಬತ್ತು ವರ್ಷವಾಯಿತು. ಎರಡನೆಯ ವರ್ಷಕ್ಕೇ ಯಾರೂ ಅವಳ ಮಾತು ಎತ್ತುವುದನ್ನು ಬಿಟ್ಟಿದ್ದರು. ನಾವು ಸಾಲ ಮಾಡಿ ಬಸ್ ನಿಲ್ದಾಣದಲ್ಲಿ, ದೊಡ್ಡ ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿಸಿದೆವು. ಅವಳ ಶಾಲಾ ಸಮವಸ್ತ್ರದ ಫೋಟೊ, ಹೆಸರು, ಕೆಳಗೆ ‘ನ್ಯಾಯ ಬೇಕು’. ಎರಡೇ ದಿನಕ್ಕೆ ಪೊಲೀಸರು ಬಂದು ಇಳಿಸಿ ಎಂದರು. ನಮಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೊಂದವನನ್ನು ಹಿಡಿಯಲು ಆಗಲಿಲ್ಲ, ಫ್ಲೆಕ್ಸ್ ಇಳಿಸಲು ಬರುತ್ತಾರೆ ಎಂದು ರಸ್ತೆಯಲ್ಲೇ ಕೂಗಾಡಿದೆ. ಆಮೇಲೆ ವಕೀಲರೊಬ್ಬರು ಬಿಡಿಸಿ ಹೇಳಿದರು. ನಮ್ಮ ಎಫ್‌ಐಆರ್‌ನಲ್ಲಿ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆಯ ಕಲಮುಗಳಿದ್ದವು. ಅಂಥ ಪ್ರಕರಣದಲ್ಲಿ ಮಗುವಿನ ಗುರುತು ಹೊರಗೆಡಹುವುದು ಅಪರಾಧ. ಮಗು ಸತ್ತುಹೋಗಿದ್ದರೂ, ಹೆತ್ತವರೇ ಒಪ್ಪಿದ್ದರೂ ಹಾಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದೆಯಂತೆ. ಹೆಸರು ಹೇಳಲೇಬೇಕಾದ ಕಾರಣವಿದ್ದರೆ ಸೆಷನ್ಸ್ ನ್ಯಾಯಾಧೀಶರ ಅನುಮತಿ ಕೇಳಬೇಕು. ನಿಮ್ಮ ಹುಡುಗನ ಎಫ್‌ಐಆರ್‌ನಲ್ಲಿ, ಆಮೇಲೆ ಸೇರಿಸಿದ ಕಲಮುಗಳಲ್ಲಿ ಏನಿದೆ ನೋಡಿಕೊಳ್ಳಿ. ಬರೀ ಕೊಲೆಯ ಕಲಮು ಇದ್ದರೆ ಪೋಕ್ಸೊದ ಈ ತೊಡಕು ನಿಮಗಿಲ್ಲ, ಆದರೂ ಫೋಟೊ ಹಾಕುವ ಮೊದಲು ವಕೀಲರನ್ನು ಕೇಳಿ. ನೋಡದೆ ಮಾತ್ರ ಫೋಟೊ ಹಾಕಬೇಡಿ.

ಎರಡನೆಯ ಸಲ ಫೋಟೊ ಇಲ್ಲ, ಹೆಸರಿಲ್ಲ, ನ್ಯಾಯ ಬೇಕು ಎಂಬ ಕೂಗೂ ಇಲ್ಲ. ಒಂದು ಹಾಳೆಯಲ್ಲಿ ತಾರೀಖು, ವಾರ, ಹೊತ್ತು, ದಾರಿ ಬರೆದು ಒಂದೇ ಪ್ರಶ್ನೆ ಕೇಳಿದೆವು: ಆ ಸಂಜೆ ನೀವು ಈ ದಾರಿಯಲ್ಲಿ ಇದ್ದಿರಾ, ಏನು ಕಂಡಿರಿ? ವಾರ ಬರೆದದ್ದು ತುಂಬಾ ಉಪಯೋಗವಾಯಿತು. ಜನರಿಗೆ ತಾರೀಖು ನೆನಪಿರುವುದಿಲ್ಲ, ಅವತ್ತು ಸಂತೆ ಇತ್ತು ಎಂಬುದು ನೆನಪಿರುತ್ತದೆ.

ಆ ಹಾಳೆಯನ್ನು ಹಂಚಿದ್ದು ಮೊಹರಂನಲ್ಲಿ. ನಮ್ಮ ಕಡೆಯ ಅರ್ಧ ಜನ ಬೆಂಗಳೂರು, ಪುಣೆ ಎಂದು ಗುಳೆ ಹೋಗಿರುತ್ತಾರೆ, ಅಲೈ ದೇವರನ್ನು ಕೂಡಿಸುವ ಹೊತ್ತಿಗೆ ಎಲ್ಲರೂ ಊರಲ್ಲಿರುತ್ತಾರೆ. ಕಂಡವರು ಗುಳೆ ಹೋಗಿದ್ದರೆ ಉಳಿದ ತಿಂಗಳು ನಾವು ಯಾರನ್ನು ಕೇಳಿದ ಹಾಗಾಯಿತು? ನಿಮ್ಮ ಪ್ರಕರಣ ಕಟಾವಿನ ಕಾಲದ್ದು ಎಂದಿರಿ. ಹಾಗಾದರೆ ಕಟಾವು ಯಂತ್ರದ ಚಾಲಕರು, ಹಮಾಲರು, ಅಕ್ಕಿ ಗಿರಣಿಯ ಲಾರಿಯವರು, ಕ್ಯಾಂಪುಗಳಲ್ಲಿ ಆ ಹಂಗಾಮಿಗೆ ಮಾತ್ರ ಬಂದಿದ್ದವರು, ಇವರನ್ನೆಲ್ಲ ಆಗ ಯಾರಾದರೂ ಕೇಳಿದ್ದರೇ?

ಫೋನಿಗೆ ಬೇರೆ ಸಿಮ್ ತೆಗೆದುಕೊಳ್ಳಿ. ನಿಮ್ಮ ಅಕ್ಕನ ನಂಬರ್ ಯಾವ ಕಾರಣಕ್ಕೂ ಕೊಡಬೇಡಿ. ನಮಗೆ ಬಂದ ಕರೆಗಳಲ್ಲಿ ಹೆಚ್ಚಿನವು ಸುಮ್ಮನೆ ಕೆಣಕಲು ಮಾಡಿದವು. ಅಂಜನ ಹಾಕಿ ಹೇಳುತ್ತೇನೆ, ಐದು ಸಾವಿರ ಕೊಡಿ ಎಂದು ಒಬ್ಬ. ಅತ್ತಿಗೆ ಕೊಟ್ಟೇಬಿಟ್ಟಳು. ನಮಗೆ ಹೇಳಿದ್ದು ತಿಂಗಳಾದ ಮೇಲೆ. ಅಷ್ಟೆಲ್ಲದರ ನಡುವೆ ಒಂದು ಕರೆ ನಿಜವಾಗಿತ್ತು. ಆಗ ಹದಿನಾಲ್ಕು ವರ್ಷವಿದ್ದು, ಕಂಡದ್ದನ್ನು ಹೆದರಿ ಯಾರಿಗೂ ಹೇಳದೆ ಉಳಿದಿದ್ದ ಹುಡುಗಿ. ಈಗ ಮದುವೆಯಾಗಿ ಬೇರೆ ಜಿಲ್ಲೆಯಲ್ಲಿದ್ದಾಳೆ. ಅವಳ ಹೇಳಿಕೆ ದಾಖಲಾಗಿದೆ. ಯಾರೂ ಸಿಕ್ಕಿಲ್ಲ, ಆದರೆ ಕಡತ ತೆರೆದಿದೆ.

ಬಳ್ಳಾರಿಯಲ್ಲಿ ವಕೀಲಿ ಮಾಡುವವರಿಂದ

‘ಸಿ’ ರಿಪೋರ್ಟ್ ಎಂದ ಕೂಡಲೇ ಎಲ್ಲ ಮುಗಿಯಿತು ಎಂದು ಕುಟುಂಬದವರು ಕುಸಿದುಬಿಡುತ್ತಾರೆ. ನಮ್ಮ ರಾಜ್ಯದ ರೂಢಿಯಲ್ಲಿ ‘ಬಿ’ ಎಂದರೆ ದೂರು ಸುಳ್ಳು ಅಥವಾ ತಪ್ಪು ತಿಳಿವಳಿಕೆಯದು ಎಂದು. ‘ಸಿ’ ಎಂದರೆ ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಲಿಲ್ಲ ಎಂದು. ಅಂದರೆ ನಿಮ್ಮ ಹುಡುಗನ ಕೊಲೆಯಾಗಿದೆ ಎಂಬುದನ್ನು ಪೊಲೀಸರೇ ಒಪ್ಪಿ ಬರೆದಿದ್ದಾರೆ. ಕೊಲೆಗೆ ಕಾಲಮಿತಿ ಇಲ್ಲ. ಮುಕ್ತಾಯ ವರದಿಯನ್ನು ನ್ಯಾಯಾಲಯ ಒಪ್ಪಿಕೊಂಡ ಮೇಲೂ ಹೆಚ್ಚಿನ ತನಿಖೆ ನಡೆಸಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ನಿಮಗೆ ಬೇರೆಯವರ ಬಾಯಿಂದ ತಿಳಿಯಿತು ಎಂದಿರಿ. ಅದು ಸಣ್ಣ ಲೋಪವಲ್ಲ. ಇಂಥ ವರದಿಯನ್ನು ಮ್ಯಾಜಿಸ್ಟ್ರೇಟರು ಒಪ್ಪುವ ಮುನ್ನ ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು ಎಂಬುದು 1985ರ ಭಗವಂತ್ ಸಿಂಗ್ ತೀರ್ಪಿನಿಂದ ಬಂದ ನಿಯಮ. ಹಾಗಾಗಿ ಮೊದಲ ಕೆಲಸ ನ್ಯಾಯಾಲಯದ ನಕಲು ವಿಭಾಗಕ್ಕೆ ಹೋಗುವುದು. ಎಫ್‌ಐಆರ್, ಪಂಚನಾಮೆ, ಮರಣೋತ್ತರ ವರದಿ, ‘ಸಿ’ ರಿಪೋರ್ಟ್, ಅದರ ಮೇಲಿನ ಆದೇಶ, ಇಷ್ಟರ ದೃಢೀಕೃತ ನಕಲು ತೆಗೆಸಿ. ನೋಟಿಸ್ ಕೊಟ್ಟಿದ್ದರೇ ಎಂಬುದು ಆ ಕಾಗದಗಳಲ್ಲೇ ಕಾಣುತ್ತದೆ. ಕೊಟ್ಟಿಲ್ಲದಿದ್ದರೆ ತಕರಾರು ಅರ್ಜಿಗೆ ಅದೇ ದೊಡ್ಡ ಆಧಾರ. ಮುಂದೆ ಹೈಕೋರ್ಟಿಗೆ ಹೋಗಬೇಕಾದರೆ ಕೊಪ್ಪಳ ಜಿಲ್ಲೆಯವರಾದ ನಿಮಗೆ ಧಾರವಾಡ ಪೀಠ. ರಾಯಚೂರಿನವರಾದರೆ ಕಲಬುರಗಿ.

ಎಲ್ಲಕ್ಕಿಂತ ಅವಸರದ್ದು ಮುದ್ದೆಮಾಲು. ಹುಡುಗನ ಮೈಮೇಲಿದ್ದ ಬಟ್ಟೆ, ಚಪ್ಪಲಿ, ಸ್ಥಳದಲ್ಲಿ ಸಿಕ್ಕ ವಸ್ತುಗಳು ಈಗ ಎಲ್ಲಿವೆ? ಪ್ರಕರಣ ಮುಗಿದಿದೆ ಎಂದು ನಾಶಪಡಿಸುವ ಆದೇಶವಾಗಿದ್ದರೆ ಆಮೇಲೆ ಯಾರಿಂದಲೂ ಏನೂ ಮಾಡಲಾಗುವುದಿಲ್ಲ. ಕಾಯ್ದಿಡುವಂತೆ ನ್ಯಾಯಾಲಯಕ್ಕೆ ಅರ್ಜಿ ಕೊಡಿ. ಅಮೆರಿಕದ ಫೋರ್ಟ್ ವೇನ್ ಎಂಬ ಊರಿನಲ್ಲಿ 1988ರಲ್ಲಿ ಎಂಟು ವರ್ಷದ ಹುಡುಗಿಯ ಕೊಲೆಯಾಯಿತು. ಮೂವತ್ತು ವರ್ಷ ಜೋಪಾನ ಮಾಡಿದ ಸಾಕ್ಷ್ಯದ ಡಿಎನ್‌ಎಯಿಂದ 2018ರಲ್ಲಿ ಕೊಲೆಗಾರ ಸಿಕ್ಕಿದ. ನಮ್ಮಲ್ಲಿ ಅಂಥ ಸೌಕರ್ಯವಿಲ್ಲ ಎಂದು ಈಗಲೇ ನಿರ್ಧರಿಸಬೇಡಿ. ಹತ್ತು ವರ್ಷದ ನಂತರದ ಪರೀಕ್ಷೆ ಏನನ್ನು ಹೇಳಬಲ್ಲದು ಎಂದು ಇವತ್ತು ಯಾರಿಗೂ ಗೊತ್ತಿಲ್ಲ. ವಸ್ತು ಉಳಿದಿರಬೇಕು, ಅಷ್ಟೇ.

ಇನ್ನೊಂದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳಬೇಕು. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಅವಲಂಬಿತರು ಪರಿಹಾರ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಅರ್ಜಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ತಡವಾದ ಕಾರಣವನ್ನು ಅದರಲ್ಲೇ ವಿವರಿಸಿ. ಮಗುವಿನ ಜೀವಕ್ಕೆ ಬೆಲೆ ಕಟ್ಟಿದ ಹಾಗಾಗುತ್ತದೆ ಎಂದು ಅನೇಕ ತಾಯಂದಿರು ಒಪ್ಪುವುದಿಲ್ಲ. ಅವರನ್ನು ಒತ್ತಾಯಿಸಬಾರದು. ಆದರೆ ಅದೇ ಪ್ರಾಧಿಕಾರದಿಂದ ವಕೀಲರನ್ನು ಉಚಿತವಾಗಿ ಪಡೆಯಬಹುದು. ಮಹಿಳೆಯರಿಗೆ ಇದಕ್ಕೆ ಆದಾಯದ ಮಿತಿ ಇಲ್ಲ, ಆದ್ದರಿಂದ ಅರ್ಜಿ ನಿಮ್ಮ ಅಕ್ಕನ ಹೆಸರಿನಲ್ಲಿರಲಿ.

ಕೊಪ್ಪಳದಿಂದ

ವಕೀಲರು ಹೇಳಿದ್ದು ಸರಿ. ಆದರೆ ಸದ್ದು ಮಾಡದಿದ್ದರೆ ಕಡತದ ದಾರ ಬಿಚ್ಚುವವರು ಯಾರು? ನಮ್ಮ ಓಣಿಯ ಮಗುವಿನ ಪ್ರಕರಣದಲ್ಲಿ ಮೂರು ವರ್ಷ ಕಾಗದವನ್ನೇ ಬರೆದೆವು. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕುಳಿತ ದಿನವೇ ಹೊಸ ತನಿಖಾಧಿಕಾರಿ ಬಂದರು. ಸುಮ್ಮನಿರಿ ಎಂದು ಈ ಕುಟುಂಬಕ್ಕೆ ಯಾರೂ ಹೇಳಬೇಡಿ.

ಮಾಹಿತಿ ಹಕ್ಕಿನಲ್ಲೂ ಕೇಳಿ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಯಲ್ಲಿ ಒಂದೇ ವಿಷಯ, ನಮ್ಮ ರಾಜ್ಯದ ನಿಯಮದಂತೆ 150 ಪದದೊಳಗೆ ಇರಬೇಕು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ತನಿಖೆಗೆ ಅಡ್ಡಿಯಾಗುತ್ತದೆ ಎಂದು ನಿರಾಕರಿಸಿದರೆ, ನೀವೇ ಮುಗಿಸಿದ ತನಿಖೆಗೆ ಅಡ್ಡಿ ಎಲ್ಲಿಂದ ಬಂತು ಎಂದು ಮೇಲ್ಮನವಿಯಲ್ಲಿ ಕೇಳಿ.

ರಾಯಚೂರಿನಿಂದ, ಪತ್ರಿಕೆಯೊಂದಕ್ಕೆ ವರದಿ ಕಳಿಸುವವರು

ಕೊಪ್ಪಳದ ಅಣ್ಣನ ಮಾತನ್ನು ಒಪ್ಪುತ್ತೇನೆ, ಸದ್ದು ಬೇಕು. ಏನು ಬೇಕೆಂದು ಸದ್ದು ಮಾಡುತ್ತೀರಿ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ‘ಮರುತನಿಖೆ ಮಾಡಿ, ಆಗ ಕೇಳದವರನ್ನು ಈಗ ಕೇಳಿ’ ಎಂಬುದು ಒಂದು. ‘ಯಾರನ್ನಾದರೂ ಹಿಡಿಯಿರಿ’ ಎಂಬುದು ಇನ್ನೊಂದು. ಎರಡನೆಯದನ್ನು ಕೇಳಿದರೆ ಯಾರೋ ಒಬ್ಬ ಸಿಕ್ಕೇ ಸಿಗುತ್ತಾನೆ. ಧರ್ಮಸ್ಥಳದ ಬಳಿ 2012ರಲ್ಲಿ ಹದಿನೇಳು ವರ್ಷದ ವಿದ್ಯಾರ್ಥಿನಿಯ ಕೊಲೆಯಾದಾಗ ಒಬ್ಬನ ಬಂಧನವಾಯಿತು. 2023ರ ಜೂನ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ಹನ್ನೊಂದು ವರ್ಷ ಒಬ್ಬನ ಹಿಂದೆ ಹೋಯಿತು, ಮಾಡಿದವರು ಯಾರು ಎಂಬ ಪ್ರಶ್ನೆ ಮೊದಲಿದ್ದಲ್ಲೇ ಉಳಿಯಿತು. ನೊಯ್ಡಾದ ನಿಠಾರಿಯಲ್ಲಿ 2006ರ ಕೊನೆಗೆ ಮಕ್ಕಳ ಅವಶೇಷಗಳು ಸಿಕ್ಕಾಗ ದೇಶವೇ ಕೂಗಿತು. ಗಲ್ಲು ಶಿಕ್ಷೆಗಳೂ ಆದವು. 2023ರಲ್ಲಿ ಅಲಹಾಬಾದ್ ಹೈಕೋರ್ಟ್ ಖುಲಾಸೆ ಮಾಡಿತು, 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಮಕ್ಕಳ ತಾಯಂದಿರು ಈಗ ಯಾರ ಮನೆಯ ಬಾಗಿಲು ಬಡಿಯಬೇಕು? ಸಾಕ್ಷ್ಯ ಗಟ್ಟಿಯಿಲ್ಲದೆ ಹಿಡಿದವನು ಬಿಡುಗಡೆಯಾಗುವ ಹೊತ್ತಿಗೆ ನಿಜವಾದ ಜಾಡು ಅಳಿಸಿಹೋಗಿರುತ್ತದೆ.

ರೀಲ್ಸ್ ವಿಷಯ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಯುವಕರನ್ನು ಮಕ್ಕಳ ಕಳ್ಳರು ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಡಿ, ಊರ ಜನ ಸೇರಿ ಹೈದರಾಬಾದಿನ ಒಬ್ಬ ಎಂಜಿನಿಯರನನ್ನು ಕೊಂದರು. ನಿಮ್ಮ ಊರಿನ ಹುಡುಗರಿಗೆ ಇದನ್ನು ಓದಿ ಹೇಳಿ. ಅವರ ಮನಸ್ಸು ಒಳ್ಳೆಯದು, ನನಗೆ ಸಂಶಯವಿಲ್ಲ. ಆ ಹುರುಪನ್ನು ಸಿಂಧನೂರಿನ ಅಕ್ಕ ಹೇಳಿದ ಹಾಳೆಯನ್ನು ಕ್ಯಾಂಪು ಕ್ಯಾಂಪಿಗೆ ಮುಟ್ಟಿಸಲು ಬಳಸಿ.

ಪತ್ರಿಕೆಯವರ ಹತ್ತಿರ ಬರುವಾಗ ಒಂದು ಪುಟದ ಬರಹ ತನ್ನಿ. ನಮ್ಮವರು ಕಣ್ಣೀರಿನ ಫೋಟೊ ಕೇಳುತ್ತಾರೆ. ನಿಮ್ಮ ಅಕ್ಕನಿಗೆ ಬೇಡವೆನಿಸಿದರೆ ಆಗುವುದಿಲ್ಲ ಎಂದು ಹೇಳಿಬಿಡಿ, ಸುದ್ದಿ ನಿಲ್ಲುವುದಿಲ್ಲ. ದೇಹ ಯಾವ ಸ್ಥಿತಿಯಲ್ಲಿತ್ತು, ಏನು ಕಾಣೆಯಾಗಿತ್ತು ಎಂಬುದನ್ನು ಮಾತ್ರ ನಮಗೂ ಹೇಳಬೇಡಿ. ಮಾಡಿದವನಿಗೆ ಮಾತ್ರ ಗೊತ್ತಿರುವ ವಿವರ ಊರಿಗೆಲ್ಲ ಗೊತ್ತಾದರೆ, ನಾಳೆ ಯಾರಾದರೂ ಬಾಯಿ ಬಿಟ್ಟಾಗ ಅದು ನಿಜವೋ ಕೇಳಿದ ಮಾತೋ ಎಂದು ಅಳೆಯಲು ಏನೂ ಉಳಿದಿರುವುದಿಲ್ಲ.

ಕುಷ್ಟಗಿಯಿಂದ, ನಿವೃತ್ತ ಶಿಕ್ಷಕರು

ನನ್ನ ತರಗತಿಯ ಹುಡುಗನೊಬ್ಬ ಹೀಗೇ ಹೋದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಕೆಂಪು ಗೆರೆ ಎಳೆದದ್ದು ನಾನೇ. ಆ ಕೈಗೆ ಈಗಲೂ ಸಮಾಧಾನವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1957ರ ಫೆಬ್ರವರಿಯಲ್ಲಿ ರಟ್ಟಿನ ಪೆಟ್ಟಿಗೆಯೊಂದರಲ್ಲಿ ನಾಲ್ಕೈದು ವರ್ಷದ ಗಂಡು ಮಗುವಿನ ಶವ ಸಿಕ್ಕಿತ್ತು. ಯಾರ ಮಗು ಎಂದೇ ತಿಳಿಯಲಿಲ್ಲ. ಗ್ಯಾಸ್ ಬಿಲ್ಲಿನ ಜೊತೆಗೂ ಅವನ ಚಿತ್ರ ಮನೆಮನೆಗೆ ಹೋಯಿತು. ತನಿಖಾಧಿಕಾರಿಗಳು ನಿವೃತ್ತರಾದರು, ಕೆಲವರು ತೀರಿಕೊಂಡರು, ಸಂಬಂಧವೇ ಇಲ್ಲದ ಜನ ಅವನ ಸಮಾಧಿಗೆ ಆಟಿಕೆ ಇಟ್ಟು ಬರುವುದನ್ನು ನಿಲ್ಲಿಸಲಿಲ್ಲ. 2022ರ ಡಿಸೆಂಬರ್‌ನಲ್ಲಿ ಡಿಎನ್‌ಎ ಮೂಲಕ ಹೆಸರು ಸಿಕ್ಕಿತು: ಜೋಸೆಫ್ ಆಗಸ್ಟಸ್ ಝರೆಲ್ಲಿ. ಕೊಂದವರು ಯಾರು ಎಂಬುದು ಇನ್ನೂ ಸಾಬೀತಾಗಿಲ್ಲ. ಅರವತ್ತೈದು ವರ್ಷ ಊರು ಬಿಡಲಿಲ್ಲ ಎಂಬುದಷ್ಟೇ ನನಗೆ ದೊಡ್ಡದಾಗಿ ಕಂಡಿತು.

ಹುಡುಗನ ಜೊತೆ ಓದಿದವರು ಈಗ ಇಪ್ಪತ್ತರ ಆಸುಪಾಸಿನವರು. ಒಂಬತ್ತನೆಯ ವಯಸ್ಸಿನಲ್ಲಿ ಅವರನ್ನು ಯಾವ ದೊಡ್ಡವರೂ ಕೂರಿಸಿ ಕೇಳಿರಲಾರರು. ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ: ಯಾರು ಪೆಪ್ಪರಮೆಂಟು ಕೊಡುತ್ತಿದ್ದರು, ಯಾವ ಮನೆಯ ಮುಂದೆ ಓಡಿ ದಾಟುತ್ತಿದ್ದೆವು ಎಂದು. ಅವರನ್ನು ಹುಡುಕಿ. ಉತ್ತರವನ್ನು ನೀವೇ ಬಾಯಿಗೆ ಇಡಬೇಡಿ. ಅವರು ಹೇಳಿದ್ದನ್ನು ಅವರ ಕೈಯಲ್ಲೇ ಬರೆಸಿ ತನಿಖಾಧಿಕಾರಿಗೆ ಕೊಡಿ.

ಕೇಳಿದವರು: ಮತ್ತೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಹದಿನೈದು ದಿನ ತಡವಾಗಿ ಬರೆಯುತ್ತಿದ್ದೇನೆ, ನಕಲು ಬರುವುದನ್ನು ಕಾಯುತ್ತಿದ್ದೆ. ಕಲಮು ಕೊಲೆಯದ್ದು ಮಾತ್ರ. ಅಕ್ಕನಿಗೆ ನೋಟಿಸ್ ಮುಟ್ಟಿದ ದಾಖಲೆ ಇಲ್ಲ. ಸಾಕ್ಷಿಗಳ ಪಟ್ಟಿಯಲ್ಲಿ ಇರುವುದು ನಮ್ಮ ಓಣಿಯವರ ಹೆಸರುಗಳೇ, ಕಟಾವಿಗೆ ಬಂದಿದ್ದ ಒಬ್ಬರದ್ದೂ ಇಲ್ಲ. ಮುದ್ದೆಮಾಲಿನ ಬಗ್ಗೆ ಅರ್ಜಿ ಕೊಟ್ಟಿದ್ದೇವೆ. ಹುಡುಗರಿಗೆ ಮುರ್ಕಿಯ ವಿಷಯ ಹೇಳಿದೆ. ಒಬ್ಬ ಎದ್ದು ಹೋದ, ಉಳಿದವರು ಹಾಳೆ ಹಂಚಲು ಒಪ್ಪಿದ್ದಾರೆ. ಆಗ ಯಾವ ಯಂತ್ರದವರು ಯಾರ ಗದ್ದೆಗೆ ಬಂದಿದ್ದರು ಎಂದು ರೈತರ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಹುಡುಕುತ್ತಿದ್ದಾರೆ.

ಹಾಳೆಯನ್ನು ಅಕ್ಕನಿಗೆ ಓದಿ ತೋರಿಸಿದೆ. ಅವನು ಎಡಗೈಯಲ್ಲಿ ಬರೆಯುತ್ತಿದ್ದ ಎಂಬುದನ್ನೂ ಹಾಕು ಎಂದಳು. ತನಿಖೆಗೆ ಅದರಿಂದ ಏನೂ ಆಗದು ಎನ್ನಬೇಕೆಂದಿದ್ದೆ, ಹೇಳಲಿಲ್ಲ, ಹಾಕಿದ್ದೇನೆ.

ಸಿಂಧನೂರಿನ ಅಕ್ಕ, ನೀವು ಹಂಚಿದ ಹಾಳೆಯ ಒಂದು ಪ್ರತಿ ಉಳಿದಿದ್ದರೆ ಕಳಿಸುವಿರಾ? ಹೊತ್ತು, ದಾರಿ ಹೇಗೆ ಬರೆದಿದ್ದಿರಿ ಎಂದು ನೋಡಬೇಕು. ಮೊಹರಂಗೆ ಮೊದಲು ಮುದ್ರಣಕ್ಕೆ ಕೊಡಬೇಕಾಗಿದೆ.