ಡಿಸ್ಟ್ರಿಬ್ಯೂಟರ್ ಮುಟ್ಟಿದ್ದು ಯಾರು?

(ನಾಗರಪಂಚಮಿಗೆ ಎರಡು ದಿನ ಇರುವಾಗ ನಮ್ಮ ‘ಮೂಲಮನೆ’ ಗ್ರೂಪಿನಲ್ಲಿ ಆದದ್ದು. ಹಳೆ ಜಿಪ್ಸಿ ನಾಲ್ಕು ಮನೆಯವರದ್ದು, ಹಾಗಾಗಿ ಬಾಯಿಯೂ ನಾಲ್ಕು. ಪೆಟ್ರೋಲ್-ಗಾಳಿ ಬೆರೆಸುವ ಅದರ ಕಾರ್ಬುರೇಟರ್ ತೆಗೆದು, ಪೆಟ್ರೋಲ್, ಸ್ಪಾರ್ಕ್ ಎರಡನ್ನೂ ನೋಡಿಕೊಳ್ಳುವ ಕಂಪ್ಯೂಟರ್ ಕೂರಿಸಿದ್ದು ನಾನು. ಮೊದಲು ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುತ್ತಿದ್ದದ್ದು ಡಿಸ್ಟ್ರಿಬ್ಯೂಟರ್.)

ದೊಡ್ಡ ಮಾವ: ಜಿಪ್ಸಿ ಪೆರ್ಡೂರಿನಲ್ಲಿ ಬಂದ್ ಬಿದ್ದಿದೆ. ಮಳೆ ಬೇರೆ. ನಾನು ಬಸ್ಸಲ್ಲಿ ಬಂದೆ.

ದೊಡ್ಡ ಮಾವ: ಆ ಕಂಪ್ಯೂಟರ್ ಕಿತ್ತು ಹಳೆ ಕಾರ್ಬುರೇಟರ್ ಹಾಕುವ. ಅದು ಇದ್ದಾಗ ಒಂದು ದಿನ ದಾರಿಯಲ್ಲಿ ನಿಂತದ್ದಿಲ್ಲ.

ಅಕ್ಕ ಬಿಜೈ: ನಿಂತದ್ದಿಲ್ವಾ? ನನ್ನ ಮದುವೆ ದಿಬ್ಬಣ ಪಡುಬಿದ್ರಿಯಲ್ಲಿ ನಿಂತದ್ದು ಯಾವ ಗಾಡಿ ಮಾವ?

ದೊಡ್ಡ ಮಾವ: ಅದು ಪೆಟ್ರೋಲ್ ಮುಗಿದದ್ದು. ಗಾಡಿಯ ತಪ್ಪಲ್ಲ.

ನಾನು: ಈಗ ಎಂತ ಆಗ್ತದೆ ಸರಿಯಾಗಿ ಹೇಳಿ. ಸ್ಟಾರ್ಟ್ ಆಗ್ತದಾ?

ದೊಡ್ಡ ಮಾವ: ಒಮ್ಮೆ ಆಗ್ತದೆ, ಇನ್ನೊಮ್ಮೆ ಢಬ್ ಅಂತ ಹೊಡೀತದೆ. ಆದರೂ ಸ್ವಲ್ಪ ದೂರ ಹೋಗುವಾಗ ಕಟ್.

ಭಾವ ದುಬೈ: ಎಂಜಿನಿನ ಕ್ರ್ಯಾಂಕ್ ಎಷ್ಟು ತಿರುಗಿತು ಅಂತ ಕಂಪ್ಯೂಟರಿಗೆ ಹೇಳುವ ಸೆನ್ಸರ್ ಹೋಗಿದೆ. ಹೊಸತು ಹಾಕಿ. ನಮ್ಮ ಊರಿನ ಉಪ್ಪುಗಾಳಿಗೆ ಕನೆಕ್ಟರ್ ಉಳೀತದಾ?

ಅಕ್ಕ ಬಿಜೈ: ಕಂಪ್ಯೂಟರಿನ ದುಡ್ಡೇ ಇನ್ನೂ ಎರಡು ಮನೆಯಿಂದ ಬರ್ಲಿಕ್ಕುಂಟು. ದುಬೈ ಮನೆ ಅದರಲ್ಲಿ ಒಂದು.

ನಾನು: ಮಾವ, ನೀವು ಡಿಸ್ಟ್ರಿಬ್ಯೂಟರ್ ಮುಟ್ಟಿದ್ದೀರಾ?

ದೊಡ್ಡ ಮಾವ: ಈ ಸಂದೇಶವನ್ನು ಅಳಿಸಲಾಗಿದೆ

ಅಕ್ಕ ಬಿಜೈ: ನಾನು ಓದಿಯಾಯ್ತು ಮಾವ.

ದೊಡ್ಡ ಮಾವ: ಏರಿನಲ್ಲಿ ಎಳೀತಿರಲಿಲ್ಲ ಮಾರಾಯ. ಒಂದು ಬೆರಳು ಅಗಲ ತಿರುಗಿಸಿದೆ, ಅಷ್ಟೆ. ಸ್ಪಾರ್ಕ್ ಬೀಳುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದೂ ನೋಡಿದ್ದೇನೆ. ತಿರುಗಿಸಿದರೂ ಪುಲ್ಲಿಯ ಮಾರ್ಕ್ ಅಲ್ಲೇ. ಅಂದರೆ ನಿನ್ನ ಕಂಪ್ಯೂಟರಿಗೆ ಕಿವಿ ಕೇಳುವುದಿಲ್ಲ ಅಂತ ಆಯ್ತಲ್ಲ?

ಭಾವ ದುಬೈ: ಮಾವ ಹೇಳಿದ್ರಲ್ಲಿ ಪಾಯಿಂಟ್ ಉಂಟು.

ನಾನು: ಮಾರ್ಕ್ ಅಲ್ಲಾಡದಿದ್ದದ್ದೇ ಸರಿ. ಈಗ ಟೈಮಿಂಗ್ ಇರುವುದು ಡಿಸ್ಟ್ರಿಬ್ಯೂಟರ್ ಕೈಯಲ್ಲಿ ಅಲ್ಲ, ಕ್ರ್ಯಾಂಕ್ ಪುಲ್ಲಿಗೆ ಕೂರಿಸಿದ ಹಲ್ಲಿನ ಚಕ್ರದಲ್ಲಿ. 36 ಹಲ್ಲಿನ ಜಾಗ, ಅದರಲ್ಲಿ ಒಂದನ್ನು ಬೇಕೆಂದೇ ಬಿಟ್ಟದ್ದು. ಒಂದು ಹಲ್ಲಿಗೆ 10 ಡಿಗ್ರಿ. ಆ ಖಾಲಿ ಜಾಗ (ಗ್ಯಾಪ್) ದಾಟಿದ ಕೂಡಲೇ ಕಂಪ್ಯೂಟರ್ ಎಣಿಕೆ ಶುರು ಮಾಡ್ತದೆ. ಆದರೆ ನಾಲ್ಕು ಸ್ಟ್ರೋಕ್ ಮುಗಿಯಲಿಕ್ಕೆ ಕ್ರ್ಯಾಂಕ್ ಎರಡು ಸುತ್ತು ಬರಬೇಕಲ್ಲ, 720 ಡಿಗ್ರಿ. ಪಿಸ್ಟನ್ ಮೇಲೆ ಬಂದದ್ದು ಕಂಪ್ರೆಶನ್ನಿಗಾ, ಹೊಗೆ ಹೊರಗೆ ಹಾಕ್ಲಿಕ್ಕಾ, ಕ್ರ್ಯಾಂಕ್ ಚಕ್ರ ನೋಡಿದರೆ ಗೊತ್ತಾಗುವುದಿಲ್ಲ. ಅದನ್ನು ಹೇಳಲಿಕ್ಕೆ ಮಾತ್ರ ಹಳೆ ಡಿಸ್ಟ್ರಿಬ್ಯೂಟರ್ ಒಳಗಿನದ್ದೆಲ್ಲ ತೆಗೆದು ಒಂದೇ ಹಲ್ಲು, ಆ ಹಲ್ಲು ಎದುರು ಬಂದಾಗ ಸಿಗ್ನಲ್ ಕೊಡುವ ಒಂದು ‘ಹಾಲ್’ ಸೆನ್ಸರ್ ಇಟ್ಟದ್ದು. ಆ ಹಲ್ಲು ತಿರುಗುವುದು ವಾಲ್ವ್ ತೆರೆಯುವ ಕ್ಯಾಮ್‌ನ ವೇಗದಲ್ಲಿ, ಕ್ರ್ಯಾಂಕಿನ ಅರ್ಧ. ನಿಮ್ಮ ಒಂದು ಬೆರಳು ಅಂದರೆ ಅಲ್ಲಿ ಸುಮಾರು 20 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 40. ನಾಲ್ಕು ಹಲ್ಲು! ನಾನು ಆ ಸೆನ್ಸರಿನ ಕ್ಯಾಮ್ ಸಿಗ್ನಲ್ ಇಟ್ಟದ್ದೂ ಖಾಲಿ ಜಾಗದಿಂದ ನಾಲ್ಕೇ ಹಲ್ಲು ದೂರ. ಈಗ ಎರಡೂ ಒಂದೇ ಕಡೆ ಬಂದು ಕೂತಿವೆ. ಕ್ಯಾಮ್ ತಿರುಗಿಸುವ ಬೆಲ್ಟ್ ಚೂರು ಆಚೀಚೆ ಆದರೆ ಸಾಕು, ಕ್ಯಾಮ್ ಸಿಗ್ನಲ್ ಒಮ್ಮೆ ಗ್ಯಾಪ್‌ಗಿಂತ ಮೊದಲು ಬರ್ತದೆ, ಒಮ್ಮೆ ನಂತರ. ಕಂಪ್ಯೂಟರ್ ಒಂದು ಸುತ್ತು ತಪ್ಪಿ ಎಣಿಸ್ತದೆ. ಸ್ಪಾರ್ಕ್ ಹೋಗಿ ಇನ್‌ಟೇಕ್ ವಾಲ್ವ್ ತೆರೆಯುವ ಹೊತ್ತಿಗೆ ಬೀಳ್ತದೆ. ನಿಮ್ಮ ಢಬ್ ಅದೇ. ಒಂದು ಪೂರ್ತಿ ಸುತ್ತು ತಪ್ಪಿದರೂ ಪುಲ್ಲಿಯ ಮಾರ್ಕ್ ಅಲ್ಲೇ ಕಾಣ್ತದೆ, ಅದಕ್ಕೆ ಲೈಟಿನಲ್ಲಿ ಇದು ಸಿಕ್ಕಲಿಲ್ಲ.

ಅಕ್ಕ ಬಿಜೈ: ಓದಿ ಮುಗಿಸುವಾಗ ಚಾ ತಣ್ಣಗಾಯ್ತು. ಖರ್ಚು ಎಷ್ಟು, ಅದು ಹೇಳು.

ಭಾವ ದುಬೈ: ತಡಿ. ಕ್ರ್ಯಾಂಕ್ ಸೆನ್ಸರಿನ ಎರಡು ವಯರ್ ಉಲ್ಟಾ ಆಗಿದ್ದರೆ?

ನಾನು: ಹಾಗಿದ್ದರೆ ರೇಸ್ ಕೊಟ್ಟ ಹಾಗೆ ಮಾರ್ಕ್ ಜಾರ್ತದೆ ಭಾವ. ಹಾಕಿದ ದಿನ ಜಾರಿತ್ತು, ಅವತ್ತೇ ವಯರ್ ಅದಲುಬದಲು ಮಾಡಿದೆ. ಆಮೇಲೆ ಕಂಪ್ಯೂಟರಿನಲ್ಲಿ ಟೈಮಿಂಗ್ 10 ಡಿಗ್ರಿಗೆ ಲಾಕ್ ಮಾಡಿ 3000 ಆರ್‌ಪಿಎಂ ವರೆಗೆ ನೋಡಿದೆ, ಕದಲಲಿಲ್ಲ. ಅಕ್ಕ, ಖರ್ಚು ಸೊನ್ನೆ.

ದೊಡ್ಡ ಮಾವ: ಕಾರ್ಬುರೇಟರ್ ಹಾಕಿದರೂ ಸೊನ್ನೆ. ಅಟ್ಟದಲ್ಲಿ ಉಂಟು.

ಚಿಕ್ಕಮ್ಮ: ಪೇಪರಲ್ಲಿ ಕಟ್ಟಿಟ್ಟದ್ದಾ ಅಣ್ಣಾ? ಅದು ಗುಜರಿಯವನಿಗೆ ಹೋಯ್ತು. ಆಟಿ ತಿಂಗಳಿಗೆ ಮುಂಚೆ ಅಟ್ಟ ಗುಡಿಸಿದೆನಲ್ಲ.

ಚಿಕ್ಕಮ್ಮ: ಹಬ್ಬಕ್ಕೆ ಗಟ್ಟಿ ಮಾಡ್ಲಿಕ್ಕೆ ಅರಸಿನ ಎಲೆ ಯಾರು ತರುವುದು?

ಭಾವ ದುಬೈ: ಮಾವ ಹತ್ತು ನಿಮಿಷದಿಂದ ‘ಟೈಪಿಂಗ್’.

ನಾನು: ಮಾವ, ಬೇಜಾರು ಮಾಡ್ಬೇಡಿ. ನನ್ನದೂ ತಪ್ಪುಂಟು. ಕ್ಯಾಮ್ ಸಿಗ್ನಲನ್ನು ಗ್ಯಾಪಿನಿಂದ ಇನ್ನೂ ದೂರ ಇಡಬೇಕಿತ್ತು. ಏರಿನಲ್ಲಿ ಎಳೆಯದ್ದು ನಾನು ಜಾಗ್ರತೆಗೆ ಸ್ಪಾರ್ಕ್ 4 ಡಿಗ್ರಿ ತಡವಾಗಿ ಬೀಳುವ ಹಾಗೆ ಇಟ್ಟದ್ದಕ್ಕೆ. ನಿಮಗೆ ಹೇಳಲಿಲ್ಲ. ಡಿಸ್ಟ್ರಿಬ್ಯೂಟರ್ ಬುಡದಲ್ಲಿ ಬಿಳಿ ಪೈಂಟಿನ ಗೆರೆ ಉಂಟು, ಅದಕ್ಕೆ ಸರಿ ತಂದು ಬಿಡಿ. ಏರಿನ ವಿಷಯ ನಾನು ಶನಿವಾರ ಬಂದು ಲ್ಯಾಪ್‌ಟಾಪಿನಲ್ಲಿ ನೋಡ್ತೇನೆ.

ದೊಡ್ಡ ಮಾವ: ನೋಡುವ.

(ಮರುದಿನ ಬೆಳಿಗ್ಗೆ)

ದೊಡ್ಡ ಮಾವ: ಗೆರೆಗೆ ತಂದೆ. ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ ಸ್ಟಾರ್ಟ್. ಹೆಬ್ರಿ ವರೆಗೆ ಹೋಗಿ ಬಂದೆ, ಕಟ್ ಆಗಲಿಲ್ಲ.

ದೊಡ್ಡ ಮಾವ: ಬ್ಯಾಟರಿ ಕೂಡ ಚಾರ್ಜ್ ಮಾಡಿಸಿದ್ದೆ. ಅದರಿಂದಲೂ ಸರಿಯಾಗಿರಬಹುದು.

ಅಕ್ಕ ಬಿಜೈ: ಮಾವಾ...

ನಾನು: ಲೂಸ್ ಮಾಡಿದ ಬೋಲ್ಟ್ ವಾಪಸ್ ಟೈಟ್ ಮಾಡಿದ್ದೀರಲ್ಲ?

ದೊಡ್ಡ ಮಾವ: ಈಗ ಮಾಡ್ತೇನೆ.