ಪ್ರೈಮರ್ ಬಳಿಯದ ಕ್ಯಾನ್ವಾಸಿಗೆ ತೈಲವರ್ಣ ಇಂಗಿಸಬಹುದೇ?

ಪ್ರಶ್ನೆ (ಡೊಂಬಿವಲಿ):
ವಸ್ತುಗಳ ರೂಪ ಬಿಡಿಸದೆ ಬಣ್ಣದಿಂದಲೇ ಭಾವ ಹೊಮ್ಮಿಸುವ ಅಮೂರ್ತ ಅಭಿವ್ಯಕ್ತಿವಾದಿ ಕಲಾವಿದರ ಕೆಲಸದ ರೀತಿಯನ್ನು ಅಭ್ಯಾಸ ಮಾಡುತ್ತಿದ್ದೇನೆ. ಅಮೆರಿಕದ ಚಿತ್ರಕಲಾವಿದೆ ಹೆಲೆನ್ ಫ್ರಾಂಕೆಂಥಾಲರ್ 1952ರಲ್ಲಿ ಮಾಡಿದಂತೆ, ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ತೀರ ತೆಳುವಾಗಿ ಕಲಸಿ, ನೆಲಕ್ಕೆ ಹಾಸಿದ ಕೋರಾ (ಪ್ರೈಮರ್ ಎಂಬ ತಳಲೇಪ ಬಳಿಯದ) ಕ್ಯಾನ್ವಾಸಿನ ಮೇಲೆ ಸುರಿದು ಇಂಗಿಸಬೇಕೆಂಬ ಆಸೆಯಿದೆ. ಪರೀಕ್ಷೆಗೆಂದು ಕತ್ತರಿಸಿದ ತುಂಡಿನಲ್ಲಿ ನೀಲಿಯ ಸುತ್ತ ಹಳದಿ ಎಣ್ಣೆಯ ಅಂಚು ಮೂಡಿದೆ. ಇದರಿಂದ ಮುಂದೆ ಚಿತ್ರಕ್ಕೆ ಹಾನಿಯಿದೆಯೇ? ಮುಂಬೈಯ ಮಳೆಗಾಲದಲ್ಲಿ ಈ ಕೆಲಸ ಸಾಧ್ಯವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮಾಟುಂಗಾ):
ಬಣ್ಣದ ಪುಡಿ ನೂಲಿನಲ್ಲೇ ನಿಂತು ಅಗಸೆ ಎಣ್ಣೆ ಮಾತ್ರ ಮುಂದಕ್ಕೆ ಹರಿದಾಗ ಆ ಅಂಚು ಮೂಡುತ್ತದೆ. ಫ್ರಾಂಕೆಂಥಾಲರ್ ಅವರ ‘ಮೌಂಟನ್ಸ್ ಆ್ಯಂಡ್ ಸೀ’ ಚಿತ್ರದಲ್ಲೂ ಅದು ಕಾಣುತ್ತದೆ. ನೋಟಕ್ಕೆ ಅದರಿಂದ ಕುಂದಿಲ್ಲ, ನನಗಂತೂ ಅದು ಇಷ್ಟ. ತೊಂದರೆಯಾಗುವುದು ಬಟ್ಟೆಗೆ. ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವಾಗ ಹುಟ್ಟುವ ಆಮ್ಲಗಳು ಹತ್ತಿಯ ನಾರನ್ನು ವರ್ಷ ಕಳೆದಂತೆ ಪೆಡಸಾಗಿಸುತ್ತವೆ. ಪ್ರೈಮರ್ ಬಳಿಯುವುದೇ ಎಣ್ಣೆ ಬಟ್ಟೆಗೆ ತಾಗದಿರಲೆಂದು. ಫ್ರಾಂಕೆಂಥಾಲರ್ ಕೂಡ 1960ರ ದಶಕದಲ್ಲಿ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣಕ್ಕೆ ಹೊರಳಿದರು. ನೀವು ಅದನ್ನೇ ಬಳಸಿ, ಆದರೆ ಬರೀ ನೀರು ಸುರಿದು ತೆಳುವಾಗಿಸಬೇಡಿ. ಅಂಟು ಸಾಲದೆ ಬಣ್ಣ ಪುಡಿಪುಡಿಯಾಗಿ ಕೈಗೆ ಬರುತ್ತದೆ. ನೀರಿನೊಡನೆ ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ ಅಂಟು ದ್ರವ) ಸೇರಿಸಿ, ಬಟ್ಟೆಯನ್ನು ಮೊದಲೇ ತುಸು ಒದ್ದೆ ಮಾಡಿಕೊಂಡರೆ ಬಣ್ಣ ಚೆನ್ನಾಗಿ ಹರಡುತ್ತದೆ.

ಉತ್ತರ (ಪಣಜಿ):
ತೈಲವರ್ಣವನ್ನೇ ಬಿಡಲಾರೆನೆನಿಸಿದರೆ, ಪ್ರೈಮರ್ ಬಳಿದ ಕ್ಯಾನ್ವಾಸಿನ ಮೇಲೆ ಅಮೂರ್ತ ಚಿತ್ರಕಲಾವಿದ ವಿ.ಎಸ್. ಗಾಯ್ತೊಂಡೆಯವರ ದಾರಿ ಹಿಡಿಯಬಹುದು. ಗೋವಾ ಮೂಲದ ಮನೆತನದ ಅವರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿ 1948ರಲ್ಲಿ ಡಿಪ್ಲೊಮಾ ಪಡೆದವರು. ರೋಲರ್ ಮತ್ತು ಪ್ಯಾಲೆಟ್ ಚಾಕು ಹಿಡಿದು ಪದರದ ಮೇಲೆ ಪದರ ಹಚ್ಚುತ್ತ, ಹಚ್ಚಿದ್ದನ್ನು ಕೆರೆದು ತೆಗೆಯುತ್ತ ಹೋದದ್ದರಿಂದ ಅವರ ಕ್ಯಾನ್ವಾಸಿನಲ್ಲಿ ಅಡಿಯ ಬಣ್ಣ ಮೇಲಿನದರ ಮೂಲಕ ಬೆಳಕಿನಂತೆ ಇಣುಕುತ್ತದೆ. ಅಮೆರಿಕದ ಕಲಾವಿದ ಜಾಕ್ಸನ್ ಪೊಲಾಕ್ ಬಣ್ಣ ಎರಚುವ ಛಾಯಾಚಿತ್ರಗಳನ್ನು ಕಂಡು ಅಮೂರ್ತ ಕಲೆಯೆಂದರೆ ಬರೀ ವೇಗವೆಂದು ತಿಳಿಯುವವರು ಗಾಯ್ತೊಂಡೆಯವರ ಒಂದು ಚಿತ್ರದೆದುರು ಅರ್ಧ ಗಂಟೆ ನಿಲ್ಲಬೇಕು. ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲೇರಿದಂತೆ ಹೆಚ್ಚು ಇರಲಿ. ತಿರುಗುಮುರುಗಾದರೆ ಮೇಲ್ಪದರ ಬಿರಿಯುತ್ತದೆ.

ಉತ್ತರ (ಮಾಟುಂಗಾ):
ಮಳೆಗಾಲದ ಮಾತು ಉಳಿಯಿತು. ಅಕ್ರಿಲಿಕ್ ಒಣಗುವುದು ನೀರು ಆವಿಯಾಗಿ. ಆದ್ದರಿಂದ ಜುಲೈಯ ತೇವದಲ್ಲಿ ನಿಧಾನವಾಗುತ್ತದೆ, ಫ್ಯಾನ್ ಹಾಕಿಡಿ. ಒಣಗಿದ ಮೇಲೂ ಕ್ಯಾನ್ವಾಸನ್ನು ಗೋಡೆಗೆ ಒತ್ತಿ ನಿಲ್ಲಿಸಬೇಡಿ, ಹಿಂಬದಿಗೆ ಬೂಷ್ಟು ಹಿಡಿಯುತ್ತದೆ.