ಗೈಡನ್ಸ್, ನ್ಯಾವಿಗೇಷನ್: ಎರಡಕ್ಕೂ ‘ಮಾರ್ಗದರ್ಶನ’ ಎಂದರೆ ಸಾಕೇ?

ಮಾನ್ಯರೇ,

ಪ್ರೌಢಶಾಲೆಯ ಮಕ್ಕಳಿಗಾಗಿ ಚಂದ್ರಯಾನ-3ರ ಇಳಿಕೆಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಗೈಡನ್ಸ್, ನ್ಯಾವಿಗೇಷನ್, ಕಂಟ್ರೋಲ್ ಎಂಬ ಮೂರು ಪದಗಳ ಬಳಿ ಬರವಣಿಗೆ ನಿಂತಿದೆ. ಕೊನೆಯದಕ್ಕೆ ‘ನಿಯಂತ್ರಣ’ ಇದೆ, ತಕರಾರಿಲ್ಲ. ಮೊದಲೆರಡಕ್ಕೆ ಮಾರ್ಗದರ್ಶನ, ಪಥದರ್ಶನ, ದಿಕ್ಸೂಚಿ ಎಂಬ ಮಾತುಗಳು ಪತ್ರಿಕೆಗಳಲ್ಲಿ ಅದಲುಬದಲಾಗಿ ಬರುತ್ತಿವೆ.

ಇವು ಬೇರೆ ಬೇರೆ ಕೆಲಸಗಳು. ನೌಕೆ ಈ ಕ್ಷಣ ಎಲ್ಲಿದೆ, ಯಾವ ಕಡೆಗೆ ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂದು ಕಂಡುಕೊಳ್ಳುವುದು ನ್ಯಾವಿಗೇಷನ್. ಅಲ್ಲಿಂದ ಗುರಿ ಮುಟ್ಟಲು ಯಾವ ದಾರಿ, ಎಂಜಿನ್ ಯಾವ ದಿಕ್ಕಿಗೆ ಎಷ್ಟು ನೂಕಬೇಕು ಎಂದು ಲೆಕ್ಕ ಹಾಕುವುದು ಗೈಡನ್ಸ್. ಆ ಲೆಕ್ಕವನ್ನು ಜಾರಿಗೆ ತರುವುದು ಕಂಟ್ರೋಲ್.

2023ರ ಆಗಸ್ಟ್ 23ರ ಸಂಜೆಯನ್ನು ನೆನೆಯಿರಿ. ವಿಕ್ರಮ್ ಲ್ಯಾಂಡರ್ ಸುಮಾರು 30 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ 1.68 ಕಿ.ಮೀ. ವೇಗದಲ್ಲಿ ಸಾಗುತ್ತಿತ್ತು. ಸಂಕೇತ ಭೂಮಿಯಿಂದ ಚಂದ್ರನಿಗೆ ಹೋಗಿ ಮರಳಲು ಎರಡೂವರೆ ಸೆಕೆಂಡು ಬೇಕು. ಬೆಂಗಳೂರಿನಿಂದ ಯಾರೂ ಅದನ್ನು ಕೈಹಿಡಿದು ಇಳಿಸುವಂತಿರಲಿಲ್ಲ. ಸುಮಾರು 19 ನಿಮಿಷಗಳ ಇಳಿಕೆಯಲ್ಲಿ ಲ್ಯಾಂಡರ್ ತಾನೇ ಲೇಸರ್ ಮತ್ತು ರೇಡಾರ್‌ಗಳಿಂದ ಎತ್ತರವನ್ನು, ಲೇಸರ್ ಡಾಪ್ಲರ್ ಮಾಪಕದಿಂದ ವೇಗವನ್ನು ಅಳೆಯುತ್ತಾ, ಕ್ಯಾಮೆರಾದಿಂದ ನೆಲವನ್ನು ನೋಡುತ್ತಾ ಇಳಿಯಿತು. ಈ ಅಳತೆಯೆಲ್ಲ ನ್ಯಾವಿಗೇಷನ್ನಿನ ಪಾಲು. ಇದರಲ್ಲಿ ದಾರಿ ತೋರಿಸುವ ಮಾತೇ ಇಲ್ಲ. ಹಾಗಿರುವಾಗ ಇದಕ್ಕೆ ‘ಮಾರ್ಗದರ್ಶನ’ ಹೇಗೆ ಹೊಂದೀತು?

ಪದ ಸಡಿಲವಾದರೆ ವಿಷಯವೇ ಮಸುಕಾಗುತ್ತದೆ. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿದ್ದೇಕೆ ಎಂದು ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ವಿವರಿಸಿದ್ದರು: ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕಿದವು, ದಾರಿಯ ತಪ್ಪು ಕೂಡುತ್ತಾ ಹೋಯಿತು, ತಿದ್ದಿಕೊಳ್ಳಲು ನೌಕೆ ಬಹಳ ಬೇಗ ತಿರುಗಬೇಕಾಯಿತು, ಆದರೆ ತಿರುಗುವ ವೇಗಕ್ಕೆ ತಂತ್ರಾಂಶವೇ ಮಿತಿ ಹಾಕಿತ್ತು. ಜೊತೆಗೆ ಇಳಿಯಲು ಗೊತ್ತುಮಾಡಿದ್ದ ಜಾಗ 500 ಮೀಟರ್ ಉದ್ದಗಲದ್ದು ಮಾತ್ರ. ಮುಂದಿನ ಸಲ ಅದನ್ನು 4 ಕಿ.ಮೀ.ಗೆ 2.4 ಕಿ.ಮೀ.ಯಷ್ಟು ಹಿಗ್ಗಿಸಿದರು. ಇಷ್ಟನ್ನೂ ‘ಮಾರ್ಗದರ್ಶನ ವ್ಯವಸ್ಥೆಯ ವೈಫಲ್ಯ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಓದುವ ಮಗುವಿಗೆ ಏನು ತಿಳಿದಂತಾಯಿತು?

ಗೈಡನ್ಸ್‌ಗೆ ನನ್ನ ಆಯ್ಕೆ ‘ಪಥನಿರ್ಣಯ’. ಇದು ನನಗೆ ಗಟ್ಟಿಯಾಗಿಯೇ ಕಾಣುತ್ತದೆ. ಇದರ ಜೋಡಿಯಾಗಿ ನ್ಯಾವಿಗೇಷನ್‌ಗೆ ‘ಸ್ಥಾನನಿರ್ಣಯ’ ಎನ್ನಬಹುದು; ಆದರೆ ವೇಗ ಅದರಿಂದ ಹೊರಗುಳಿಯುತ್ತದೆ. ‘ನೆಲೆಯರಿವು’ ಕಿವಿಗೆ ಹಿತ, ಕೊರತೆ ಮಾತ್ರ ಅದೇ. ‘ನೌಕಾಯಾನ’ ಎಂದರೆ ಪ್ರಯಾಣವೇ ಆಯಿತು, ಅದು ಬೇಡ.

ಇನ್ನೊಂದು ಪದ ಆಟಿಟ್ಯೂಡ್, ಅಂದರೆ ನೌಕೆ ಯಾವ ಕಡೆ ಮುಖ ಮಾಡಿ, ಎಷ್ಟು ವಾಲಿಕೊಂಡಿದೆ ಎಂಬುದು. ಚಂದ್ರಯಾನ-3ರ ಇಳಿಕೆಯಲ್ಲಿ, ಸುಮಾರು 7 ಕಿ.ಮೀ. ಎತ್ತರದಲ್ಲಿ, ಇದನ್ನು ಹತ್ತು ಸೆಕೆಂಡು ಕದಲದಂತೆ ಹಿಡಿದಿಡುವ ಘಟ್ಟವೊಂದಿತ್ತು. ‘ನಿಲುವು’ ಎಂದರೆ ಅಭಿಪ್ರಾಯ ಎಂದೂ ಎತ್ತರ ಎಂದೂ ಅರ್ಥವಾಗುವ ಅಪಾಯವಿದೆ. ನೃತ್ಯ, ಯೋಗಗಳಲ್ಲಿ ಬಳಕೆಯಲ್ಲಿರುವ ‘ಭಂಗಿ’ಯೇ ಮೇಲೆಂದು ನನ್ನ ಮತ. ಒಪ್ಪದವರು ಕಾರಣ ಸಹಿತ ತಿಳಿಸಿ.

ಕರಾವಳಿಯವರಲ್ಲಿ ಒಂದು ವಿಶೇಷ ಕೋರಿಕೆ. ದಡದ ಗುಡ್ಡಗಳನ್ನೋ ನಕ್ಷತ್ರಗಳನ್ನೋ ನೋಡಿ ದೋಣಿ ಎಲ್ಲಿದೆ ಎಂದು ಗುರುತಿಸುವುದಕ್ಕೆ ಮಲ್ಪೆ, ಕಾರವಾರಗಳ ಮೀನುಗಾರರಲ್ಲಿ ಯಾವ ಮಾತು ಬಳಕೆಯಲ್ಲಿದೆ? ತುಳು, ಕೊಂಕಣಿಯದ್ದಾದರೂ ಸರಿ, ಅದನ್ನು ಬಳಸುವ ಒಂದು ವಾಕ್ಯದೊಂದಿಗೆ ಬರೆದು ತಿಳಿಸಿ.